ಜೀವಿಗಳ ಉಷ್ಣಗತಿವಿಜ್ಞಾನ: ಅರಬೈಲ್ ಸೀಮೆಯ ನಿದರ್ಶನಗಳೊಂದಿಗೆ

ಗಿಡ, ಪ್ರಾಣಿ, ಸೂಕ್ಷ್ಮಜೀವಿಗಳನ್ನು ಶಕ್ತಿಯೂ ದ್ರವ್ಯವೂ ಹಾದುಹೋಗುವ ವ್ಯವಸ್ಥೆಗಳೆಂದು ಗಣಿಸಿ ನೋಡುವ ಅಧ್ಯಯನವೇ ಜೀವಿಗಳ ಉಷ್ಣಗತಿವಿಜ್ಞಾನ. ಒಳಗೆ ಬಂದದ್ದೆಷ್ಟು, ಕೆಲಸಕ್ಕೆ ಒದಗಿದ್ದೆಷ್ಟು, ಕಾವಾಗಿ ಹೊರಟದ್ದೆಷ್ಟು ಎಂಬ ಲೆಕ್ಕ ಇದರ ಮೊದಲ ಹೆಜ್ಜೆ. ಆ ಲೆಕ್ಕದ ಹಿಂದಿರುವ ಪ್ರಶ್ನೆ ದೊಡ್ಡದು. ಬಿಸಿ ವಸ್ತು ತಣಿಯುತ್ತದೆ, ಕಟ್ಟಿದ ಗೋಡೆ ಕುಸಿಯುತ್ತದೆ, ಬೆರೆತದ್ದು ತಾನಾಗಿ ಬೇರೆಯಾಗುವುದಿಲ್ಲ. ಇಂಥ ಜಗತ್ತಿನಲ್ಲಿ ಒಂದು ಚಿಗುರು, ಒಂದು ಕರು ದಿನದಿಂದ ದಿನಕ್ಕೆ ತನ್ನನ್ನು ತಾನು ಕಟ್ಟಿಕೊಳ್ಳುವುದು ಹೇಗೆ?

ಪ್ರಯೋಗಾಲಯದಲ್ಲಿ ಬೆಳೆದ ಶಾಸ್ತ್ರ ಇದು. ಆದರೆ ಇದರ ನಿದರ್ಶನಗಳು ಉತ್ತರ ಕನ್ನಡದ ಘಟ್ಟದ ಮೇಲೆ ಹೆಜ್ಜೆ ಹೆಜ್ಜೆಗೂ ಸಿಗುತ್ತವೆ. ಯಲ್ಲಾಪುರ ತಾಲೂಕಿನ ಅರಬೈಲಿನಲ್ಲಿ ಹುಬ್ಬಳ್ಳಿ–ಅಂಕೋಲಾ ಹೆದ್ದಾರಿ ಸುತ್ತಿ ಸುತ್ತಿ ಇಳಿದು ಗಂಗಾವಳಿಯ ಕಣಿವೆ ಸೇರುತ್ತದೆ. ಮೇಲೆ ಯಲ್ಲಾಪುರ, ಶಿರಸಿ, ಸಿದ್ದಾಪುರಗಳ ಅಡಕೆ ತೋಟಗಳು, ಅವುಗಳ ಬೆನ್ನಿಗೆ ಸೊಪ್ಪಿನ ಬೆಟ್ಟ, ಅದರಾಚೆ ಕಾಡು. ಕೆಳಗೆ ಕರಾವಳಿಯ ಸೆಕೆ.

ಗೊಬ್ಬರಗುಂಡಿಯ ಕಾವು

ಚಳಿಗಾಲದ ಬೆಳಗಿನಲ್ಲಿ ಗೊಬ್ಬರಗುಂಡಿಗೆ ಗುದ್ದಲಿ ಹಾಕಿದರೆ ಹಬೆ ಏಳುತ್ತದೆ. ಮೇಲಿನ ಪದರ ತಣ್ಣಗಿರುತ್ತದೆ. ಒಂದು ಮೊಳ ಕೆಳಗೆ ಕೈಯಿಟ್ಟರೆ ಹೆಚ್ಚು ಹೊತ್ತು ಇಟ್ಟುಕೊಳ್ಳಲಾಗುವುದಿಲ್ಲ. ದರಕು, ಅಂದರೆ ಉದುರಿದ ಎಲೆ, ಕಪ್ಪಾಗಿ ಮೆತ್ತಗಾಗಿರುತ್ತದೆ, ತೇವ ಆರಿದ ಕಡೆ ಬೂದಿ ಬಳಿದಂತೆ ಬೆಳ್ಳನೆಯ ಎಳೆಗಳು ಹಬ್ಬಿರುತ್ತವೆ. ಮೊದಲ ಮಳೆಗೆ ನೆಲದಿಂದ ಏಳುವಂಥದೇ ಮಣ್ಣಿನ ವಾಸನೆ. ಎರಡೂ ಕಡೆ ಆ ವಾಸನೆಯನ್ನು ಹುಟ್ಟಿಸುವುದು ಒಂದೇ ಬಗೆಯ ಸೂಕ್ಷ್ಮಜೀವಿಗಳು. ‘ಗೊಬ್ಬರ ಕಾದಿದೆ’ ಎಂದು ರೈತರು ಹೇಳುವ ಆ ಎರಡು ಪದಗಳಲ್ಲಿ, ಶಕ್ತಿ ಹುಟ್ಟುವುದೂ ಇಲ್ಲ ಅಳಿಯುವುದೂ ಇಲ್ಲ ಎಂಬ ಉಷ್ಣಗತಿವಿಜ್ಞಾನದ ಮೊದಲ ನಿಯಮ ಅಡಗಿದೆ. ಯಾರೂ ಬೆಂಕಿ ಹಾಕಿಲ್ಲ, ಆದರೂ ಕಾವು ಬಂದಿದೆ; ಬಂದದ್ದು ಎಲೆಯೊಳಗಿನಿಂದಲೇ. ಎಲೆ ಬಿಸಿಲಿನಲ್ಲಿ ಕಟ್ಟಿಕೊಂಡ ರಾಸಾಯನಿಕ ಬಂಧಗಳನ್ನು ಕೋಟ್ಯಂತರ ಬ್ಯಾಕ್ಟೀರಿಯ, ಶಿಲೀಂಧ್ರಗಳು ಬಿಡಿಸುತ್ತವೆ. ಒಂದೊಂದು ಜೀವಿ ಹೊರಗೆ ಬಿಡುವ ಕಾವು ಅಳತೆಗೆ ಸಿಗದಷ್ಟು ಸಣ್ಣದು. ರಾಶಿಯೇ ಕಂಬಳಿಯಂತೆ ಹೊದ್ದುಕೊಂಡಿರುವುದರಿಂದ ಅದು ಕೂಡುತ್ತಾ ಹೋಗಿ 60 ಡಿಗ್ರಿ ಸೆಲ್ಸಿಯಸ್ ದಾಟಬಲ್ಲದು. 70 ಡಿಗ್ರಿ ಸಮೀಪಿಸಿದಾಗ ಕಾವು ಎಬ್ಬಿಸಿದ ಜೀವಿಗಳೇ ಆ ಕಾವಿಗೆ ಸಾಯತೊಡಗುತ್ತವೆ, ಗುಂಡಿ ತಾನಾಗಿ ತಣಿಯುತ್ತದೆ.

ಒಣ ದರಕಿನಲ್ಲಿ ಇಂಗಾಲ ವಿಪರೀತ, ಸಾರಜನಕ ಕಡಿಮೆ. ಬರೀ ದರಕಿನ ರಾಶಿ ವರ್ಷಗಟ್ಟಲೆ ಹಾಗೆಯೇ ಬಿದ್ದಿರುತ್ತದೆ. ಅದನ್ನು ಕೊಟ್ಟಿಗೆಯಲ್ಲಿ ದನದ ಕಾಲಡಿಗೆ ಹಾಸಿದರೆ ಗಂಜಲದ ಸಾರಜನಕ ಬೆರೆಯುತ್ತದೆ, ಸಗಣಿಯ ಸೂಕ್ಷ್ಮಜೀವಿಗಳು ಬೆರೆಯುತ್ತವೆ, ದನ ತುಳಿದು ಎಲೆ ಒಡೆಯುತ್ತದೆ. ಮಳೆಗಾಲಕ್ಕೆ ಹಸಿಸೊಪ್ಪು, ಬೇಸಗೆಗೆ ದರಕು ಎಂದು ಹಾಸುತ್ತಾ ಬಂದ ಈ ಪದ್ಧತಿ, ಯಾವ ಪುಸ್ತಕವೂ ಹೇಳಿಕೊಡದೆ ತಲೆಮಾರುಗಳಿಂದ ಪಳಗಿದ ಜೀವರಾಸಾಯನಿಕ ತಂತ್ರ ಎಂದೇ ಹೇಳಬೇಕು. 1801ರಲ್ಲಿ ಯಲ್ಲಾಪುರ, ಶಿರಸಿ ಸೀಮೆಯಲ್ಲಿ ಹಾದುಹೋದ ಬ್ರಿಟಿಷ್ ಸಮೀಕ್ಷಕ ಫ್ರಾನ್ಸಿಸ್ ಬುಕಾನನ್ ಇಲ್ಲಿನ ಅಡಕೆ ತೋಟಗಳನ್ನೂ ಅವಕ್ಕೆ ಹಾಕುವ ಸೊಪ್ಪು–ಸಗಣಿಯ ಗೊಬ್ಬರವನ್ನೂ ವಿವರವಾಗಿ ಬರೆದಿಟ್ಟಿದ್ದಾನೆ. ಬ್ರಿಟಿಷರ ಅರಣ್ಯ ವ್ಯವಸ್ಥೆ ಬಂದ ಮೇಲೆ ಘಟ್ಟದ ಮೇಲಿನ ತೋಟಿಗರಿಗೆ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಸೊಪ್ಪಿನ ಬೆಟ್ಟದ ಹಕ್ಕು ಸಿಕ್ಕಿತು. ಒಂಬತ್ತು ಎಕರೆಯ ಮರಗಳು ಹಿಡಿದ ಬಿಸಿಲೂ ಬೇರಿನಿಂದ ಎತ್ತಿದ ಖನಿಜಗಳೂ ಒಂದು ಎಕರೆಗೆ ಬಂದು ಸೇರಬೇಕು ಎಂಬುದು ಈ ಅನುಪಾತದ ಒಳಗುಟ್ಟು. ಚದುರಿದ್ದನ್ನು ಒಂದೆಡೆ ಕೂಡಿಸುವುದಕ್ಕೆ ಬೆಲೆ ತೆರಲೇಬೇಕು. ಇಲ್ಲಿ ಆ ಬೆಲೆ ತೆರುವುದು ಸೊಪ್ಪು ಹೊರುವವರ ತಲೆ ಮತ್ತು ಹೆಗಲು. ಗುಂಡಿಯಲ್ಲಿ ಒಣದ್ರವ್ಯದ ಅರ್ಧದಷ್ಟು ಇಂಗಾಲದ ಡೈಆಕ್ಸೈಡ್ ಆಗಿ, ನೀರಾಗಿ ಹಾರಿಹೋಗುತ್ತದೆ. ಉಳಿದದ್ದು ಕಳಿತ ಗೊಬ್ಬರ. ಕಳಿಯದ ಗೊಬ್ಬರವನ್ನು ಬುಡಕ್ಕೆ ಹಾಕಿದರೆ ಆರದ ಕಾವೂ ಸಾರವೂ ಬೇರನ್ನು ಸುಡುತ್ತವೆ ಎಂಬುದು ತೋಟ ಮಾಡುವವರಿಗೆಲ್ಲ ಗೊತ್ತು.

1983ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆರಂಭವಾದ ಪರಿಸರ ವಿಜ್ಞಾನ ಕೇಂದ್ರ ಈ ಜಿಲ್ಲೆಯ ಕಾಡು ಮತ್ತು ಸೊಪ್ಪಿನ ಬೆಟ್ಟಗಳನ್ನು ದೀರ್ಘಕಾಲ ಅಭ್ಯಸಿಸಿದೆ. ಮಾಧವ ಗಾಡ್ಗೀಳ, ಎಂ.ಡಿ. ಸುಭಾಶ್ಚಂದ್ರನ್ ಮೊದಲಾದವರ ಬರಹಗಳಲ್ಲಿ ಹಳ್ಳಿಯ ಬದುಕನ್ನು ಹಣದಲ್ಲಲ್ಲದೆ ಜೀವದ್ರವ್ಯದ ಹರಿವಿನಲ್ಲಿ ಅಳೆಯುವ ದೃಷ್ಟಿ ಗಟ್ಟಿಯಾಗಿ ಕಾಣುತ್ತದೆ.

ಉಸಿರು ಮತ್ತು ಬೆಂಕಿ

ಉಸಿರಾಟವೂ ಒಂದು ಬಗೆಯ ಉರಿಯುವಿಕೆ ಎಂಬುದನ್ನು ಅಳೆದು ತೋರಿಸಿದವರು ಫ್ರಾನ್ಸಿನ ಲವಾಸಿಯೆ ಮತ್ತು ಲಪ್ಲಾಸ್. 1782–83ರ ಚಳಿಗಾಲದಲ್ಲಿ ಅವರು ಮಂಜುಗಡ್ಡೆ ತುಂಬಿದ ಪಾತ್ರೆಯ ನಡುವೆ ಒಂದು ಗಿನಿಪಿಗ್ ಇಟ್ಟರು. ಕರಗಿದ ನೀರನ್ನು ತೂಗಿ ಪ್ರಾಣಿ ಬಿಟ್ಟ ಕಾವನ್ನು ಲೆಕ್ಕಹಾಕಿದರು. ಅದು ಬಿಟ್ಟ ಇಂಗಾಲದ ಡೈಆಕ್ಸೈಡಿನಷ್ಟನ್ನೇ ಇದ್ದಿಲು ಸುಟ್ಟು ಪಡೆದರೆ ಎಷ್ಟು ಕಾವು ಬರುತ್ತದೆಂದು ಹೋಲಿಸಿದರು. ಎರಡೂ ಹತ್ತಿರ ಹತ್ತಿರ ಬಂದವು.

ಶಕ್ತಿ ಅಳಿಯುವುದಿಲ್ಲ ಎಂಬ ಮೊದಲ ನಿಯಮದ ಹುಟ್ಟೂ ಒಂದು ಜೀವಂತ ದೇಹದ ಬಳಿಯೇ ಆಯಿತು, ಅದೂ ನಮ್ಮ ಕರಾವಳಿಯಂಥದೇ ಸೆಕೆಯ ನಾಡಿನಲ್ಲಿ. 1840ರಲ್ಲಿ ಡಚ್ ಹಡಗಿನ ವೈದ್ಯನಾಗಿ ಜಾವಾಕ್ಕೆ ಹೋದ ಜರ್ಮನಿಯ ರಾಬರ್ಟ್ ಮೇಯರ್, ನಾವಿಕರ ರಕ್ತ ತೆಗೆಯುವಾಗ ಅಭಿಧಮನಿಯ ರಕ್ತ ತನ್ನ ಊರಿನಲ್ಲಿ ಕಂಡದ್ದಕ್ಕಿಂತ ಕೆಂಪಾಗಿರುವುದನ್ನು ಗಮನಿಸಿದ. ಸೆಕೆಯಲ್ಲಿ ಮೈ ಬಿಸಿಯಾಗಿಡಲು ಕಡಿಮೆ ಆಮ್ಲಜನಕ ಸಾಕು, ಆದ್ದರಿಂದ ರಕ್ತದಲ್ಲಿ ಅದು ಉಳಿಯುತ್ತದೆ ಎಂದು ಊಹಿಸಿದ. ಅಲ್ಲಿಂದ ಮುಂದೆ ಆಹಾರ, ಕಾವು, ಕೆಲಸ ಮೂರೂ ಒಂದೇ ಖಾತೆಯವು ಎಂಬ ತೀರ್ಮಾನಕ್ಕೆ ಬಂದು 1842ರಲ್ಲಿ ಪ್ರಕಟಿಸಿದ. 1894ರಲ್ಲಿ ಮ್ಯಾಕ್ಸ್ ರುಬ್ನರ್ ನಾಯಿಯೊಂದರ ಆಹಾರ ಮತ್ತು ಕಾವನ್ನು ವಾರಗಟ್ಟಲೆ ಅಳೆದು ಲೆಕ್ಕ ಸರಿಹೊಂದುತ್ತದೆಂದು ತೋರಿಸಿದ ಮೇಲೆ, ಜೀವಕ್ಕೆ ಪ್ರತ್ಯೇಕವಾದ ಪ್ರಾಣಶಕ್ತಿ ಇದೆ ಎಂಬ ವಾದಕ್ಕೆ ಭೌತವಿಜ್ಞಾನದಲ್ಲಿ ನೆಲೆ ಉಳಿಯಲಿಲ್ಲ.

ಸುಮ್ಮನೆ ಕುಳಿತ ಮನುಷ್ಯ ಹಳೆಯ ಕಾಲದ ಒಂದು ಬಲ್ಬಿನಷ್ಟು, ಅಂದರೆ 80ರಿಂದ 100 ವ್ಯಾಟಿನಷ್ಟು ಕಾವು ಬಿಡುತ್ತಾನೆ. ತೂಕಕ್ಕೆ ತೂಕ ಹೋಲಿಸಿದರೆ ಇದು ಸೂರ್ಯನಿಗಿಂತ ಹಲವು ಸಾವಿರ ಪಟ್ಟು ಹೆಚ್ಚು! ಸೂರ್ಯನ ಒಂದು ಕಿಲೋ ದ್ರವ್ಯದ ಪಾಲಿಗೆ ಬರುವುದು ಒಂದು ವ್ಯಾಟಿನ ಐದು ಸಾವಿರದಲ್ಲೊಂದು ಭಾಗ ಮಾತ್ರ. ಸೂರ್ಯ ದೊಡ್ಡವನಾದ್ದರಿಂದ ಪ್ರಖರ. ಜೀವಕೋಶ ಬಿರುಸಾಗಿ ಉರಿಯುವುದರಿಂದ ಪ್ರಖರ.

ಜೀವಿ ಉಗಿಯಂತ್ರವಲ್ಲ

ದೇಹವನ್ನು ಎಂಜಿನ್ನಿಗೆ ಹೋಲಿಸುವ ರೂಢಿ ಇದೆ. ಈ ಹೋಲಿಕೆ ಒಂದು ಮುಖ್ಯ ಜಾಗದಲ್ಲಿ ತಪ್ಪುತ್ತದೆ. ಇದೇ ಜಿಲ್ಲೆಯ ಕೈಗಾದ ಅಣು ವಿದ್ಯುತ್ ಸ್ಥಾವರದಲ್ಲಿ ತಲಾ 220 ಮೆಗಾವ್ಯಾಟಿನ ನಾಲ್ಕು ಘಟಕಗಳಿವೆ. ಅಲ್ಲಿ ಮೊದಲು ಕಾವು, ಕಾವಿನಿಂದ ಉಗಿ, ಉಗಿಯಿಂದ ಚಕ್ರದ ತಿರುಗಾಟ. ಹುಟ್ಟಿದ ಕಾವಿನ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ವಿದ್ಯುತ್ತಾಗದೆ ಹೊರಬೀಳುತ್ತದೆ. ತಂಪು ಮಾಡುವ ನೀರು ಕದ್ರಾ ಜಲಾಶಯದ್ದು. ಇದು ಯಂತ್ರದ ದೋಷವಲ್ಲ. ಕಾವನ್ನು ಕೆಲಸವಾಗಿಸುವ ಯಾವ ಎಂಜಿನ್ನಿಗೂ ಬಿಸಿ ತುದಿ, ತಣ್ಣನೆ ತುದಿಗಳ ಅಂತರ ಕಟ್ಟಿಕೊಟ್ಟ ಮಿತಿ ಇದೆ ಎಂದು ಸಾದಿ ಕಾರ್ನೊ 1824ರಲ್ಲೇ ತೋರಿಸಿದ್ದ.

ಆ ಮಿತಿಯನ್ನು ನಮ್ಮ ಮೈಗೆ ಹಚ್ಚಿ ನೋಡೋಣ. ಮೈ 37 ಡಿಗ್ರಿ, ಹೊರಗೆ 25 ಡಿಗ್ರಿ. ದೇಹ ಕಾವಿನಿಂದ ಓಡುವ ಎಂಜಿನ್ ಆಗಿದ್ದರೆ ಅದರ ದಕ್ಷತೆ ಶೇ. 4ನ್ನೂ ಮುಟ್ಟುತ್ತಿರಲಿಲ್ಲ. ಸ್ನಾಯು ಮಾತ್ರ ಶೇ. 20–25ರಷ್ಟು ಕೆಲಸ ಕೊಡುತ್ತದೆ. ಹಾಗಾದರೆ ಸ್ನಾಯು ಓಡುವುದು ಕಾವಿನಿಂದಲ್ಲ. ಆಹಾರದ ಶಕ್ತಿ ಕಾವಾಗುವ ಮೊದಲೇ ಜೀವಕೋಶ ಅದನ್ನು ಎಟಿಪಿ ಎಂಬ ಇನ್ನೊಂದು ರಾಸಾಯನಿಕದ ಕೈಗೆ ದಾಟಿಸುತ್ತದೆ. 180 ಗ್ರಾಂ ಗ್ಲೂಕೋಸ್ ಪೂರ್ತಿ ಉತ್ಕರ್ಷಣಗೊಂಡರೆ ಸುಮಾರು 2870 ಕಿಲೋಜೂಲ್ ಮುಕ್ತ ಶಕ್ತಿ, ಎಂದರೆ ಕೆಲಸಕ್ಕೆ ಒದಗಬಲ್ಲ ಶಕ್ತಿ, ಬಿಡುಗಡೆಯಾಗುತ್ತದೆ. ಒಲೆಯಲ್ಲಿ ಅದು ಒಮ್ಮೆಲೇ ಭುಗಿಲ್ಲೆನ್ನುತ್ತದೆ. ಜೀವಕೋಶದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ಮೈಟೊಕಾಂಡ್ರಿಯದ ಒಳಪೊರೆಯಲ್ಲಿ ಇಲೆಕ್ಟ್ರಾನುಗಳು ಇಳಿಯುತ್ತಾ ಹೋದಂತೆ ಪ್ರೋಟಾನುಗಳು ಪೊರೆಯಾಚೆ ದೂಡಲ್ಪಡುತ್ತವೆ. ಅಣೆಕಟ್ಟಿನ ಹಿಂದೆ ನೀರು ನಿಂತಂತೆ ಅವು ಅಲ್ಲಿ ತುಂಬಿ, ಹಿಂದಿರುಗುವಾಗ ಅಣುಗಾತ್ರದ ಚಕ್ರವೊಂದನ್ನು ತಿರುಗಿಸಿ ಎಟಿಪಿಯನ್ನು ಕಟ್ಟುತ್ತವೆ. ಪೀಟರ್ ಮಿಚೆಲ್ 1961ರಲ್ಲಿ ಮಂಡಿಸಿದ ಈ ವಿಚಾರವನ್ನು ಬಹಳ ಮಂದಿ ಬಹಳ ಕಾಲ ಒಪ್ಪಲಿಲ್ಲ. 1978ರಲ್ಲಿ ಅದಕ್ಕೆ ನೊಬೆಲ್ ಬಂತು. ಲೆಕ್ಕ ಹಾಕುವ ಬಗೆಯನ್ನು ಅನುಸರಿಸಿ ಗ್ಲೂಕೋಸಿನ ಶಕ್ತಿಯ ಶೇ. 30ರಿಂದ 50ರಷ್ಟು ಎಟಿಪಿಗೆ ಸೇರುತ್ತದೆ. ಹಳೆಯ ಮೂರು ಕಲ್ಲಿನ ಒಲೆ ಸೌದೆಯ ಶಕ್ತಿಯಲ್ಲಿ ಪಾತ್ರೆಗೆ ಮುಟ್ಟಿಸುವುದು ಸುಮಾರು ಶೇ. 10ರಷ್ಟು. ಅಮೂಲ್ಯ ರೆಡ್ಡಿಯವರು 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಟ್ಟಿದ ಅಸ್ತ್ರ ತಂಡ ರೂಪಿಸಿದ ಒಲೆ ಹೊಗೆಯನ್ನು ತಗ್ಗಿಸಿ ಸೌದೆಯನ್ನು ಬಹಳಷ್ಟು ಉಳಿಸಿತು. ಅಡಕೆ ಬೇಯಿಸುವ ಹಂಡೆಗೆ ಸುಗ್ಗಿಯುದ್ದಕ್ಕೂ ಸೌದೆ ಒಟ್ಟುವ ಈ ಸೀಮೆಗೆ ಅದರ ಬೆಲೆ ಬೇಗ ತಿಳಿಯುತ್ತದೆ.

60 ಕಿಲೋ ತೂಕದ ಒಬ್ಬರು ಘಟ್ಟದಲ್ಲಿ 500 ಮೀಟರ್ ಎತ್ತರ ಏರಿದರೆಂದು ಇಟ್ಟುಕೊಳ್ಳಿ. ಗುರುತ್ವದ ವಿರುದ್ಧ ಮಾಡಿದ ಕೆಲಸ ಸುಮಾರು 70 ಕಿಲೋಕ್ಯಾಲೊರಿ. ಅದಕ್ಕಾಗಿ ದೇಹ ಖರ್ಚುಮಾಡುವುದು ಸುಮಾರು 300. ಎರಡು ಹಿಡಿ ಅಕ್ಕಿಯಲ್ಲಿ ಅಷ್ಟು ಇರುತ್ತದೆ. ಉಳಿದ 230 ಕಾವಾಗಿ ಮೈಯಲ್ಲಿ ಏರುತ್ತದೆ. ಅದನ್ನು ಬೆವರಿನಿಂದಲೇ ಹೊರಹಾಕುವುದಾದರೆ ಅರ್ಧ ಲೀಟರಿಗೆ ಸ್ವಲ್ಪ ಕಡಿಮೆ ನೀರು ಆವಿಯಾಗಬೇಕು. ತುದಿಯಲ್ಲಿ ಗಾಳಿ ಬೀಸಿದರೆ ಮೈ ಆರುತ್ತದೆ. ಅಂಕೋಲೆಯ ಬಯಲಿನಲ್ಲಿ ಅದೇ ಬೆವರು ಸುರಿದರೂ ಸುಖವಿಲ್ಲ. ಗಾಳಿ ಆಗಲೇ ನೀರಾವಿಯಿಂದ ತುಂಬಿರುವುದರಿಂದ ಬೆವರು ಹರಿಯುತ್ತದೆಯೇ ಹೊರತು ಆವಿಯಾಗುವುದಿಲ್ಲ, ಮತ್ತು ತಂಪು ಬರುವುದು ಆವಿಯಾದಾಗ ಮಾತ್ರ. ಒದ್ದೆ ಬಟ್ಟೆ ಸುತ್ತಿದ ಉಷ್ಣಮಾಪಕ 35 ಡಿಗ್ರಿ ತೋರಿಸಿದರೆ ಆರೋಗ್ಯವಂತನೂ ಗಂಟೆಗಳ ಲೆಕ್ಕದಲ್ಲಿ ಅಪಾಯಕ್ಕೆ ಸಿಲುಕುತ್ತಾನೆ. ಈಚಿನ ಪ್ರಯೋಗಗಳು ಆ ಮಿತಿ ಇನ್ನೂ ಕೆಳಗಿದೆ ಎನ್ನುತ್ತಿವೆ. ಗದ್ದೆ, ಮೀನುಗಾರಿಕೆ, ರಸ್ತೆ ಕೆಲಸದಲ್ಲಿ ದಿನವಿಡೀ ದುಡಿಯುವವರ ನಾಡಿನಲ್ಲಿ ಇದು ಜೀವದ ಪ್ರಶ್ನೆ.

ಕ್ರಮ ಎಲ್ಲಿಂದ ಬರುತ್ತದೆ

ಎರಡನೆಯ ನಿಯಮದ ಪ್ರಕಾರ ಹೊರಗಿನೊಂದಿಗೆ ಕೊಡುಕೊಳ್ಳುವಿಕೆ ಇಲ್ಲದ ವ್ಯವಸ್ಥೆಯಲ್ಲಿ ಎಂಟ್ರೊಪಿ, ಅಂದರೆ ಚದುರಿಕೆಯ ಅಳತೆ, ಇಳಿಯುವುದಿಲ್ಲ. ಜೀವಿ ಈ ನಿಯಮವನ್ನು ಮೀರುತ್ತದೆ ಎಂಬ ಮಾತು ಈಗಲೂ ಅಲ್ಲಲ್ಲಿ ಕೇಳಿಬರುತ್ತದೆ. ಅದು ತಪ್ಪು. ಜೀವಿ ಮುಕ್ತ ವ್ಯವಸ್ಥೆ. ಅದು ಒಳಗೆ ಉಳಿಸಿಕೊಂಡ ಕ್ರಮಕ್ಕಿಂತ ಹೆಚ್ಚಿನ ಅಕ್ರಮವನ್ನು ಕಾವಾಗಿ, ಉಸಿರಾಗಿ, ಮಲಮೂತ್ರವಾಗಿ ಹೊರಗೆ ಚೆಲ್ಲುತ್ತದೆ. ಜೀವಿಗಳ ಹೋರಾಟ ನಡೆಯುವುದು ದ್ರವ್ಯಕ್ಕಾಗಿಯೂ ಅಲ್ಲ, ಶಕ್ತಿಗಾಗಿಯೂ ಅಲ್ಲ, ಬಿಸಿ ಸೂರ್ಯನಿಂದ ತಣ್ಣನೆಯ ಭೂಮಿಗೆ ಶಕ್ತಿ ಹರಿಯುವಾಗ ಸಿಗುವ ಅವಕಾಶಕ್ಕಾಗಿ ಎಂಬ ಅರ್ಥದ ಮಾತನ್ನು ಬೋಲ್ಟ್ಸ್‌ಮನ್ 1886ರಲ್ಲೇ ಆಡಿದ್ದ. ಎರ್ವಿನ್ ಶ್ರೋಡಿಂಗರ್ 1943ರಲ್ಲಿ ಡಬ್ಲಿನ್ನಿನಲ್ಲಿ ಕೊಟ್ಟ ಉಪನ್ಯಾಸಗಳು ಮರುವರ್ಷ ಪುಸ್ತಕವಾದಾಗ ಜೀವಿ ‘ಋಣ ಎಂಟ್ರೊಪಿ’ಯನ್ನು ಉಣ್ಣುತ್ತದೆ ಎಂಬ ಮಾತು ಮನೆಮಾತಾಯಿತು. ಮುಕ್ತ ಶಕ್ತಿ ಎಂದಿದ್ದರೆ ಹೆಚ್ಚು ಸರಿಯಾಗುತ್ತಿತ್ತು ಎಂದು ಅವರೇ ಟಿಪ್ಪಣಿಯಲ್ಲಿ ಒಪ್ಪಿಕೊಂಡರು.

ಭೂಮಿಗೆ ಬಂದಷ್ಟೇ ಶಕ್ತಿ ಹೆಚ್ಚುಕಡಿಮೆ ಬಾಹ್ಯಾಕಾಶಕ್ಕೆ ಮರಳುತ್ತದೆ. ಬದಲಾಗುವುದು ಅದರ ದರ್ಜೆ. ಸುಮಾರು 5,800 ಕೆಲ್ವಿನ್ ಬಿಸಿಯ ಸೂರ್ಯನಿಂದ ಬಂದ ಒಂದು ಬೆಳಕಿನ ಕಣಕ್ಕೆ ಪ್ರತಿಯಾಗಿ ಭೂಮಿ ಸುಮಾರು ಇಪ್ಪತ್ತು ಮಂದ ಕಣಗಳನ್ನು ಅವಕೆಂಪಿನಲ್ಲಿ ಬಿಡುತ್ತದೆ. ಒಂದು ನೋಟು ಇಪ್ಪತ್ತು ಚಿಲ್ಲರೆಯಾಗುವ ಈ ನಡುವಿನ ದಾರಿಯಲ್ಲೇ ಎಲೆ, ಹುಳು, ಹುಲಿ ಎಲ್ಲವೂ ಬದುಕುತ್ತವೆ.

ಎಲೆ ಆ ಬೆಳಕಿನಲ್ಲಿ ಎಷ್ಟನ್ನು ಹಿಡಿಯುತ್ತದೆ? ಬೆಳೆಗಳಲ್ಲಿ ಸಾಮಾನ್ಯವಾಗಿ ಶೇ. 1ರ ಆಸುಪಾಸು. ಮಿಕ್ಕದ್ದು ಎಲ್ಲಿ ಹೋಯಿತೆಂದು ನೋಡಿದಾಗಲೇ ಕಾಡಿನ ನಿಜವಾದ ಕೆಲಸ ಕಾಣುವುದು. ಒಂದು ಹೆಕ್ಟೇರ್ ಹಸಿರು ಕಾಡಿನಿಂದ ದಿನಕ್ಕೆ 3 ಮಿಲಿಮೀಟರ್ ನೀರು ಆವಿಯಾಯಿತೆಂದು ಇಟ್ಟುಕೊಂಡರೆ ಅದು 30,000 ಲೀಟರ್. ಅಷ್ಟನ್ನು ಆವಿಯಾಗಿಸಲು ಬೇಕಾದ ಶಕ್ತಿಯನ್ನು ವಿದ್ಯುತ್ತಿನ ಲೆಕ್ಕದಲ್ಲಿ ಹೇಳಿದರೆ 20,000 ಯುನಿಟ್. ಅದೇ ಹೆಕ್ಟೇರಿಗೆ ಒಳ್ಳೆಯ ಬಿಸಿಲಿನ ದಿನ ಬೀಳುವುದು ಸುಮಾರು 50,000 ಯುನಿಟ್. ಆಹಾರವಾಗಿ ಕಟ್ಟಿದ್ದು 500ರಷ್ಟು, ತಂಪಿಗೆ ಹೋದದ್ದು 20,000! ಹೆದ್ದಾರಿಯ ಡಾಂಬರಿನಿಂದ ಹತ್ತು ಹೆಜ್ಜೆ ಮರದಡಿಗೆ ಸರಿದಾಗ ಮೈಗೆ ತಾಗುವ ತಂಪು ಬರೀ ನೆರಳಿನದಲ್ಲ. ಈ ಲೆಕ್ಕದಲ್ಲಿ ಮರ ಕಡಿದದ್ದು ಸೌದೆಯ ನಷ್ಟಕ್ಕಿಂತ ಬಹಳ ದೊಡ್ಡ ನಷ್ಟ.

ಕಾವನ್ನು ಆಳುವವರು

ಸುವರ್ಣಗಡ್ಡೆಯ ಹೂವು ನೆಲದಿಂದ ನೇರವಾಗಿ ಎದ್ದು ಅರಳಿದಾಗ ಕೊಳೆತ ಮಾಂಸದ ನಾತ ಬರುತ್ತದೆ. ಆ ಹೊತ್ತಿನಲ್ಲಿ ಹೂವಿನ ನಡುದಂಡು ಸುತ್ತಲ ಗಾಳಿಗಿಂತ ಬಿಸಿ. ಅದರ ಮೈಟೊಕಾಂಡ್ರಿಯಗಳು ಎಟಿಪಿ ಕಟ್ಟುವ ದಾರಿಯನ್ನು ಬಳಸಿ ಹಾಯ್ದು, ಶಕ್ತಿಯನ್ನು ಬೇಕೆಂದೇ ಕಾವಾಗಿ ಬಿಡುತ್ತವೆ. ಕಾವಿಗೆ ನಾತ ದೂರ ಹರಡಿ ಕೀಟಗಳು ಬರುತ್ತವೆ. ಎಳೆ ಕೂಸಿನ ಬೆನ್ನು, ಹೆಗಲುಗಳ ಕಂದು ಕೊಬ್ಬೂ ಬೇರೊಂದು ಉಪಾಯದಿಂದ ಇದನ್ನೇ ಮಾಡುತ್ತದೆ.

ತುಡುವೆ ಜೇನಿನ ಪೆಟ್ಟಿಗೆಯಲ್ಲಿ ಮರಿಗಳಿರುವ ಎರಿ 34–35 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಚಳಿಯಾದರೆ ಹುಳುಗಳು ರೆಕ್ಕೆ ಬಡಿಯದೆ ರೆಕ್ಕೆಯ ಸ್ನಾಯುಗಳನ್ನು ಮಾತ್ರ ನಡುಗಿಸಿ ಕಾವು ಹುಟ್ಟಿಸುತ್ತವೆ. ಬಿಸಿಯಾದರೆ ನೀರು ತಂದು ಎರಿಯ ಮೇಲೆ ಚಿಮುಕಿಸಿ ಬಾಗಿಲಲ್ಲಿ ನಿಂತು ಗಾಳಿ ಹಾಕುತ್ತವೆ. ಜಪಾನಿನ ತುಡುವೆ ಕಣಜದ ಹುಳುವನ್ನು ನೂರಾರು ಸೇರಿ ಉಂಡೆಕಟ್ಟಿ ಮುತ್ತುತ್ತದೆ. ಉಂಡೆಯೊಳಗೆ ಕಾವು ಸುಮಾರು 46 ಡಿಗ್ರಿಗೆ ಏರುತ್ತದೆ. ಕಣಜ ಸಾಯುತ್ತದೆ, ಒಂದೆರಡು ಡಿಗ್ರಿ ಹೆಚ್ಚು ತಾಳಬಲ್ಲ ಜೇನು ಉಳಿಯುತ್ತದೆ.

ಕಾಳಿಂಗ ಸರ್ಪ ತನ್ನ ಮೈಯಿಂದ ಕಾವು ಹುಟ್ಟಿಸಲಾರದು. ಹೆಣ್ಣು ಕಾಳಿಂಗ ಬೇಸಗೆಯ ಕೊನೆಗೆ ಮೈಯ ಸುರುಳಿಯಿಂದ ದರಕು ಎಳೆದು ಒಟ್ಟಿ ಗುಡ್ಡೆ ಮಾಡಿ, ನಡುವೆ ಮೊಟ್ಟೆಯಿಟ್ಟು ಮುಚ್ಚುತ್ತದೆ. ಬಿಗಿಯಾಗಿ ಒತ್ತಿದ ಎಲೆಯ ಪದರ ಮಳೆಯನ್ನು ತಡೆಯುತ್ತದೆ, ಒಳಗಿನ ತೇವ ಮತ್ತು ಕಾವು ಏರುಪೇರಾಗದಂತೆ ಹಿಡಿಯುತ್ತದೆ. ತೋಟಿಗ ಮತ್ತು ಕಾಳಿಂಗ ಒಂದೇ ದರಕನ್ನು ಒಂದೇ ಕಾಡಿನಿಂದ ಒಟ್ಟುವವರು. ಸೊಪ್ಪಿನ ಬೆಟ್ಟ ಗುಡಿಸುವವರು ಅಂಥ ಗುಡ್ಡೆ ಕಂಡರೆ ಕೈಹಚ್ಚದೆ ಬಿಡುವುದು ಇಬ್ಬರಿಗೂ ಕ್ಷೇಮ.

ಮೈಯ ಗಾತ್ರಕ್ಕೂ ಈ ಲೆಕ್ಕಕ್ಕೂ ನಂಟಿದೆ. ಮ್ಯಾಕ್ಸ್ ಕ್ಲೈಬರ್ 1932ರಲ್ಲಿ ಕಂಡುಕೊಂಡಂತೆ ಪ್ರಾಣಿಯ ವಿಶ್ರಾಂತ ಶಕ್ತಿವ್ಯಯ ತೂಕದ ಮುಕ್ಕಾಲನೆಯ ಘಾತದಂತೆ ಏರುತ್ತದೆ. ಇದರಂತೆ ಒಂದು ಗ್ರಾಂ ಇಲಿಮೈ ಒಂದು ಗ್ರಾಂ ಆನೆಮೈಗಿಂತ ಸುಮಾರು 20 ಪಟ್ಟು ಬಿರುಸಾಗಿ ಉರಿಯುತ್ತದೆ. ಸೊಂಡಿಲಿಗೆ ಕೆಲವು ಗಂಟೆಯ ಉಪವಾಸವೂ ಕಷ್ಟ. ಕಾಳಿಂಗ ಒಂದು ಊಟದ ಮೇಲೆ ವಾರಗಟ್ಟಲೆ ಕಳೆಯುತ್ತದೆ.

ಆಹಾರ ಸರಪಳಿಯ ಒಂದು ಮೆಟ್ಟಿಲಿನಿಂದ ಇನ್ನೊಂದಕ್ಕೆ ದಾಟುವಾಗ ಶಕ್ತಿಯ ಹತ್ತರಲ್ಲೊಂದು ಪಾಲಷ್ಟೇ ಉಳಿಯುತ್ತದೆ ಎಂಬ ಸ್ಥೂಲ ನಿಯಮ ರೇಮಂಡ್ ಲಿಂಡೆಮನ್ 1942ರಲ್ಲಿ ಪ್ರಕಟಿಸಿದ ಕೆಲಸದಿಂದ ಬಂದದ್ದು. ಹುಲಿ ವಿಜ್ಞಾನಿ ಉಲ್ಲಾಸ ಕಾರಂತರ ಲೆಕ್ಕದಲ್ಲಿ ಒಂದು ಹುಲಿಗೆ ವರ್ಷಕ್ಕೆ ಸುಮಾರು 50 ಬೇಟೆ ಬೇಕು, ಅಷ್ಟು ಸಿಗಬೇಕಾದರೆ ಕಾಡಿನಲ್ಲಿ 500ರಷ್ಟು ಬೇಟೆಪ್ರಾಣಿಗಳಿರಬೇಕು. ಈ ಜಿಲ್ಲೆಯ ಕಾಳಿ ಹುಲಿ ಸಂರಕ್ಷಿತ ಪ್ರದೇಶಕ್ಕೆ ಅಷ್ಟೊಂದು ಕಾಡು ಏಕೆ ಎಂದು ಕೇಳುವವರಿಗೆ ಉತ್ತರ ಇಲ್ಲಿದೆ.

ಹೊಸ ಪ್ರಶ್ನೆಗಳು

ಸಮಸ್ಥಿತಿಯಿಂದ ದೂರ ನಿಂತ ವ್ಯವಸ್ಥೆಗಳಲ್ಲಿ ಶಕ್ತಿ ಹರಿಯುತ್ತಿರುವಷ್ಟು ಕಾಲ ಆಕಾರಗಳು ತಾವಾಗಿ ಮೂಡಬಲ್ಲವು ಎಂದು ತೋರಿಸಿದ ಇಲ್ಯಾ ಪ್ರಿಗೊಜಿನ್‌ಗೆ 1977ರ ನೊಬೆಲ್ ಬಂತು. ಹೊಳೆಯ ಸುಳಿಯ ಹಾಗೆ: ನೀರು ಬದಲಾಗುತ್ತಲೇ ಇರುತ್ತದೆ, ಸುಳಿ ಇರುತ್ತದೆ. ಆದರೆ ಸುಳಿ ಮರಿ ಹಾಕುವುದಿಲ್ಲ, ಹಿಂದಿನದನ್ನು ನೆನಪಿಟ್ಟುಕೊಳ್ಳುವುದಿಲ್ಲ. ಆ ಅಂತರವನ್ನು ತುಂಬುವ ಯತ್ನವಾಗಿ ಜೆರೆಮಿ ಇಂಗ್ಲೆಂಡ್ 2013ರಲ್ಲಿ, ತನ್ನಂಥದನ್ನೇ ಹುಟ್ಟಿಸುವ ವ್ಯವಸ್ಥೆ ಕನಿಷ್ಠ ಎಷ್ಟು ಕಾವು ಚೆಲ್ಲಬೇಕು ಎಂಬ ಮಿತಿಯನ್ನು ಗಣಿತದಲ್ಲಿ ಕಟ್ಟಿದರು. ಜೀವಿಗಳೆಲ್ಲ ಎಂಟ್ರೊಪಿಯನ್ನು ಗರಿಷ್ಠ ವೇಗದಲ್ಲಿ ಹೆಚ್ಚಿಸುವತ್ತ ವಾಲುತ್ತವೆ ಎಂಬ ವ್ಯಾಪಕ ವಾದ ಇನ್ನೂ ನಿಯಮದ ಪದವಿಗೆ ಏರಿಲ್ಲ, ಕಾಯಬೇಕು.

ಹರಿವು ನಿಂತರೆ ಜೀವ ನಿಂತಂತೆ ಎಂಬ ಮಾತಿಗೆ ಬೀಜ ಒಂದು ತಕರಾರು ತೆಗೆಯುತ್ತದೆ. ಚೆನ್ನಾಗಿ ಒಣಗಿಸಿದ ಬಿತ್ತನೆಯ ಭತ್ತದಲ್ಲಿ ಉಸಿರಾಟ ಇಲ್ಲವೆನ್ನುವಷ್ಟು ಇಳಿದಿರುತ್ತದೆ. ಒಳಗಿನ ದ್ರವ ಗಾಜಿನಂತೆ ಗಟ್ಟಿಯಾಗಿ ಅಣುಗಳು ಇದ್ದಲ್ಲೇ ನಿಲ್ಲುತ್ತವೆ. ಕ್ರಮ ಉಳಿಯುವುದು ಹರಿವಿನಿಂದಲ್ಲ, ಅಲುಗಾಡದೆ ಇರುವುದರಿಂದ. ನೀರು ಸಿಕ್ಕಿದೊಡನೆ ಹರಿವು ಮತ್ತೆ ಶುರು. ಹಲಸಿನ ಬೇಳೆಗೆ ಈ ವಿದ್ಯೆ ಬಾರದು. ವರ್ಷದ ಹೆಚ್ಚಿನ ಪಾಲು ತೇವ ಆರದ ನೆಲದ ಮರ ಅದು. ಅದರ ಬೇಳೆಯಲ್ಲಿ ಜೀವದ ಉರಿ ನಂದುವುದೇ ಇಲ್ಲ, ಒಣಗಿಸಿದರೆ ಸಾಯುತ್ತದೆ. ಕಾಡಿನ ಹಳ್ಳಗಳ ಪಕ್ಕ ಬೆಳೆಯುವ ರಾಮಪತ್ರೆಯ ಬೀಜವೂ ಹಾಗೆಯೇ. ಸಸಿ ಮಾಡುವವರು ಭತ್ತದ ಬೀಜವನ್ನು ಮುಂದಿನ ಮಳೆಗಾಲಕ್ಕೆ ಕಟ್ಟಿಡುತ್ತಾರೆ. ಹಲಸಿನ ಬೇಳೆಯನ್ನು ಹಣ್ಣು ಬಿಡಿಸಿದ ವಾರದೊಳಗೆ ಮಣ್ಣಿಗೆ ಇಡುತ್ತಾರೆ.